ಋಣವೆಂಬ ಸಂಖ್ಯೆ

ಜೈನಾಗಮಗಳು ಸಂಖ್ಯೆಯನ್ನು ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ಮೂರು ಬಗೆಯಾಗಿ ವಿಂಗಡಿಸಿರುವುದು ಸ್ವಾಧ್ಯಾಯಶೀಲರಾದ ಶ್ರಾವಕರಿಗೆಲ್ಲ ತಿಳಿದ ವಿಷಯ. ಹಾಗಾದರೆ ವ್ಯಾಪಾರಿಯ ಲೆಕ್ಕದ ಪುಸ್ತಕದಲ್ಲಿ ನಿತ್ಯವೂ ಕಾಣುವ ಋಣವು ಇವುಗಳಲ್ಲಿ ಯಾವುದಕ್ಕೆ ಸೇರಬೇಕು? ಆಗಮಗಳ ವಿಭಾಗವು ‘ಎಷ್ಟು’ ಎಂಬುದನ್ನು ಹೇಳುತ್ತದೆ. ಧನ-ಋಣಗಳ ವಿಭಾಗವು ‘ಯಾವ ಕಡೆಗೆ’ ಎಂಬುದನ್ನು ಹೇಳುತ್ತದೆ. ಬರಬೇಕಾದ ನೂರು ರೂಪಾಯಿಗೂ ಕೊಡಬೇಕಾದ ನೂರು ರೂಪಾಯಿಗೂ ಪರಿಮಾಣ ಒಂದೇ, ದಿಕ್ಕು ಬೇರೆ.

ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತನು ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಧನ, ಋಣ, ಶೂನ್ಯಗಳ ಲೆಕ್ಕಕ್ಕೆ ನಿಯಮಗಳನ್ನು ಕೊಟ್ಟನು. ಸಮಾನವಾದ ಧನವೂ ಋಣವೂ ಕೂಡಿದರೆ ಶೂನ್ಯ. ಋಣವನ್ನು ಋಣದಿಂದ ಗುಣಿಸಿದರೆ ಧನ.

9ನೆಯ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಮುಂದಿನ ಹೆಜ್ಜೆಯಿಟ್ಟರು. ಧನದ ವರ್ಗವೂ ಋಣದ ವರ್ಗವೂ ಧನವೇ. ಆದುದರಿಂದ ಋಣಸಂಖ್ಯೆಯು ಸ್ವಭಾವತಃ ಯಾವುದರ ವರ್ಗವೂ ಅಲ್ಲ, ಅದಕ್ಕೆ ವರ್ಗಮೂಲವಿಲ್ಲ ಎಂದು ಅವರು ಸ್ಪಷ್ಟವಾಗಿ ಹೇಳಿದರು. ತಾವು ಬಲ್ಲ ಸಂಖ್ಯಾಲೋಕದ ಎಲ್ಲೆಯನ್ನು ಪ್ರಾಮಾಣಿಕವಾಗಿ ಗುರುತಿಸಿದ ಮಾತಿದು. ಯೂರೋಪಿನಲ್ಲಾದರೋ 1545ರಷ್ಟು ತಡವಾಗಿಯೂ ಕಾರ್ಡಾನೋ ಋಣ ಉತ್ತರಗಳನ್ನು ಕಲ್ಪಿತವೆಂದೇ ಕರೆದನು.

ಇಂದಿನ ಗಣಿತದಲ್ಲಿ ಋಣಕ್ಕೆ ಪ್ರತ್ಯೇಕವಾದ ಒಂದೇ ಮನೆಯಿಲ್ಲ. 1, 2, 3 ಎಂಬ ಸ್ವಾಭಾವಿಕ ಸಂಖ್ಯೆಗಳಲ್ಲಿ ಮೂರರಿಂದ ಐದನ್ನು ಕಳೆಯಲಾಗದು. ಆ ಕೊರತೆಯನ್ನು ತುಂಬಲು ಶೂನ್ಯವನ್ನೂ ಋಣಗಳನ್ನೂ ಸೇರಿಸಿದಾಗ ಪೂರ್ಣಾಂಕಗಳಾಗುತ್ತವೆ. ಋಣ ಎರಡು ಪೂರ್ಣಾಂಕ. ಋಣ ಅರ್ಧ ಭಾಗಲಬ್ಧ ಸಂಖ್ಯೆ. ಎರಡರ ವರ್ಗಮೂಲದ ಋಣರೂಪವು ಅಭಾಗಲಬ್ಧ. ಇವೆಲ್ಲವೂ ವಾಸ್ತವ ಸಂಖ್ಯೆಗಳೇ. ಋಣದ ವರ್ಗಮೂಲ ಮಾತ್ರ ಇವುಗಳಾಚೆಯ ಸಮ್ಮಿಶ್ರ ಸಂಖ್ಯೆಗಳಿಗೆ ಸೇರಿದ್ದು. ವಾಸ್ತವ ಸಂಖ್ಯೆಗಳ ಮಟ್ಟಿಗೆ ಆಚಾರ್ಯರ ಮಾತು ಇಂದಿಗೂ ಸತ್ಯ.

ಋಣವು ಶೂನ್ಯವಲ್ಲ ಎಂಬ ಈ ವಿವೇಕ ಗೃಹಸ್ಥರಿಗೂ ಬಸದಿಯ ಆಡಳಿತಗಾರರಿಗೂ ಬೇಕಾದದ್ದು. ಏನೂ ಇಲ್ಲದವನ ಸ್ಥಿತಿ ಬೇರೆ, ಕೊಡಬೇಕಾದವನ ಸ್ಥಿತಿ ಬೇರೆ. ಜೀರ್ಣೋದ್ಧಾರಕ್ಕೆಂದು ದಾನಿಗಳು ಒಪ್ಪಿಸಿದ ಹಣ ಪೆಟ್ಟಿಗೆಯಲ್ಲಿದ್ದರೂ ಆ ಕಾರ್ಯ ನೆರವೇರುವ ತನಕ ಅದು ಹೊಣೆಯೇ. ಅದನ್ನು ಸಂಪತ್ತೆಂದು ಎಣಿಸಿ ಬೇರೆಡೆಗೆ ಬಳಸಿದರೆ ಲೆಕ್ಕ ತಪ್ಪುವುದಷ್ಟೇ ಅಲ್ಲ, ಸತ್ಯ ಮತ್ತು ಅಚೌರ್ಯ ವ್ರತಗಳಿಗೂ ಭಂಗ ಬರುತ್ತದೆ. ಋಣವನ್ನು ಋಣವೆಂದೇ ಬರೆದಿಡುವುದು ಅದನ್ನು ತೀರಿಸುವ ಮೊದಲ ಮೆಟ್ಟಿಲು.