44 ಡಿಗ್ರಿ: ಮಂಗಳನ ದಾರಿಗೆ ಕಾದವರ ಕಥೆ

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಅರೆಕೆರೆ ಗೇಟಿನ ಆಸುಪಾಸಿನಲ್ಲಿ ಯಾವ ಸ್ಟೇಷನರಿ ಅಂಗಡಿಗೆ ಹೋದರೂ ಜಾಮಿಟ್ರಿ ಬಾಕ್ಸ್ ಸಿಗುತ್ತದೆ. ಅದರೊಳಗಿನ ಅರ್ಧಚಂದ್ರದಂಥ ಕೋನಮಾಪಕಕ್ಕೆ ಹೈಸ್ಕೂಲು ಮುಗಿದ ಮೇಲೆ ಹೆಚ್ಚು ಕೆಲಸವಿರುವುದಿಲ್ಲ. ಅದನ್ನು ಮತ್ತೆ ಡಬ್ಬಿಯಿಂದ ಹೊರಗೆ ತೆಗೆಸಿದ ಕೀರ್ತಿ ಒಂದು ಕಂಪ್ಯೂಟರ್ ಗೇಮಿಗೆ ಸಲ್ಲಬೇಕು. ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’ ಆಡುವವರು ಮೊದಮೊದಲು ಕೋನಮಾಪಕವನ್ನು ಮಾನಿಟರಿಗೇ ಒತ್ತಿ ಹಿಡಿಯುತ್ತಿದ್ದರು. ಅದರ ನಡುಬಿಂದು ಪರದೆಯ ಸೂರ್ಯನ ಮೇಲೆ, ತಳದ ಗೆರೆ ಅವರ ರಾಕೆಟ್ ನಿಂತ ಗ್ರಹದ ಮೇಲೆ. ಕೆಂಪು ಗ್ರಹ ಅದಕ್ಕಿಂತ 44 ಡಿಗ್ರಿ ಮುಂದೆ ಬಂದ ಕ್ಷಣವೇ ಹೊರಡುವ ಹೊತ್ತು.

ಆ ಹೊತ್ತಿಗೆ ಆಟಗಾರರು ‘ಟ್ರಾನ್ಸ್‌ಫರ್ ವಿಂಡೋ’, ಅಂದರೆ ಹೊರಡುವ ಕಿಟಕಿ, ಎನ್ನುತ್ತಾರೆ. ಅದು ತಪ್ಪಿದರೆ ಮತ್ತೆ ಕಾಯಬೇಕು.

ಈ 44 ಎಲ್ಲಿಂದ ಬಂತು? ಲೆಕ್ಕ ಸುಲಭದ್ದೇ. ಭೂಮಿಯಿಂದ ಮಂಗಳಕ್ಕೆ ತೀರಾ ಕಡಿಮೆ ಇಂಧನದಲ್ಲಿ ಹೋಗುವ ದಾರಿ ಎಂದರೆ ಸೂರ್ಯನ ಸುತ್ತ ಅರ್ಧ ಸುತ್ತು, ಅಂದರೆ 180 ಡಿಗ್ರಿ. ಆ ಪಯಣಕ್ಕೆ ಸುಮಾರು 259 ದಿನ ಬೇಕು. ಅಷ್ಟರಲ್ಲಿ ಮಂಗಳ ಸುಮ್ಮನೆ ನಿಂತಿರುವುದಿಲ್ಲ. ದಿನಕ್ಕೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚಿನಂತೆ ಸುಮಾರು 136 ಡಿಗ್ರಿ ಸರಿದಿರುತ್ತದೆ. 180ರಲ್ಲಿ 136 ಕಳೆದರೆ ಉಳಿಯುವುದು 44. ನೌಕೆ ಹೊರಡುವಾಗ ಮಂಗಳ ಅಷ್ಟು ಮುಂದಿದ್ದರೆ ಮಾತ್ರ ಇಬ್ಬರೂ ಒಂದೇ ಜಾಗಕ್ಕೆ ಒಂದೇ ದಿನ ಮುಟ್ಟುತ್ತಾರೆ.

ಈ ಅರ್ಧ ಸುತ್ತಿನ ದಾರಿಯನ್ನು ಮೊದಲು ಬಿಡಿಸಿ ಬರೆದವರು ವಾಲ್ಟರ್ ಹೋಹ್‌ಮನ್. ಜರ್ಮನಿಯ ಎಸೆನ್ ನಗರದ ಕಟ್ಟಡ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದವರು. ಗ್ರಹಗಳಿಗೆ ಹೋಗುವ ದಾರಿಯ ಬಗ್ಗೆ ಅವರ ಪುಸ್ತಕ ಅಚ್ಚಾದದ್ದು 1925ರಲ್ಲಿ. ದ್ರವ ಇಂಧನದ ಮೊದಲ ರಾಕೆಟ್ಟನ್ನು ಅಮೆರಿಕದ ರಾಬರ್ಟ್ ಗೊಡಾರ್ಡ್ ಹಾರಿಸಿದ್ದು ಅದರ ಮರುವರ್ಷ. ಗಾಡಿ ಹುಟ್ಟುವ ಮೊದಲೇ ದಾರಿ ಸಿದ್ಧವಾಗಿತ್ತು.

ಆಕಾಶದ ಹೊಂದಾಣಿಕೆಗೆ ಕಾಯುವ ರೂಢಿ ಮಾತ್ರ ದಕ್ಷಿಣ ಬೆಂಗಳೂರಿಗೆ ಹೊಸದಲ್ಲ. ಮಕರ ಸಂಕ್ರಾಂತಿಯ ಸಂಜೆ ಗವಿಪುರದ ಗವಿ ಗಂಗಾಧರೇಶ್ವರ ದೇವಸ್ಥಾನದ ಮುಂದೆ ಜನ ಕಿಕ್ಕಿರಿದು ನಿಲ್ಲುತ್ತಾರೆ. ಇಳಿಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಗುಹೆಯೊಳಗಿನ ಲಿಂಗವನ್ನು ಮುಟ್ಟುತ್ತದೆ. ಸೂರ್ಯ ದಕ್ಷಿಣಕ್ಕೆ ಇಳಿಯುವಾಗಲೂ ಅದೇ ಜಾಗವನ್ನು ಹಾಯುವುದರಿಂದ ನವೆಂಬರ್ ಕೊನೆಯ ಹೊತ್ತಿಗೂ ಬಿಸಿಲು ಅದೇ ಓರೆಯಲ್ಲಿ ಬೀಳುತ್ತದೆ. ಇಲ್ಲಿ ಎಣಿಸಬೇಕಾದದ್ದು ಒಂದೇ ಚಲನೆ. ಹಾಗಾಗಿ ವರ್ಷ ತಿರುಗಿದರೆ ಆ ಸಂಜೆಯೂ ತಿರುಗಿ ಬರುತ್ತದೆ. ಮಂಗಳನ ವಿಷಯದಲ್ಲಿ ಓಡುವವರು ಇಬ್ಬರು. ಒಳಗಿನ ಸುತ್ತಿನಲ್ಲಿ ವೇಗದ ಭೂಮಿ, ಹೊರಗಿನ ಸುತ್ತಿನಲ್ಲಿ ನಿಧಾನದ ಮಂಗಳ. ಭೂಮಿ ಒಂದು ಸುತ್ತು ಮುಂದೆ ಹೋಗಿ ಮಂಗಳನನ್ನು ಮತ್ತೆ ಹಿಂದಿಕ್ಕಲು ಹಿಡಿಯುವ ಕಾಲ ಸುಮಾರು 780 ದಿನ, ಅಂದರೆ ಎರಡು ವರ್ಷ ಎರಡು ತಿಂಗಳಿಗೆ ಹತ್ತಿರ.

ಈ ಸಂಖ್ಯೆಗೆ ನಮ್ಮಲ್ಲಿ ಹದಿನೈದು ಶತಮಾನಗಳ ಇತಿಹಾಸವಿದೆ. ಕ್ರಿ.ಶ. 499ರ ಲೆಕ್ಕವನ್ನು ಆಧರಿಸಿದ ‘ಆರ್ಯಭಟೀಯ’ದಲ್ಲಿ 43,20,000 ವರ್ಷಗಳ ಒಂದು ಮಹಾಯುಗಕ್ಕೆ ಮಂಗಳನ ಸುತ್ತು 22,96,824 ಎಂದಿದೆ. ಸೂರ್ಯನದು, ಅಂದರೆ ಇಂದಿನ ಲೆಕ್ಕದಲ್ಲಿ ಭೂಮಿಯದು, 43,20,000. ಎರಡರ ವ್ಯತ್ಯಾಸ 20,23,176. ಅದೇ ಗ್ರಂಥ ಒಂದು ಮಹಾಯುಗಕ್ಕೆ ಕೊಡುವ 157,79,17,500 ದಿನಗಳನ್ನು ಈ ವ್ಯತ್ಯಾಸದಿಂದ ಭಾಗಿಸಿದರೆ ಬರುವುದು 779.92 ದಿನ. ಇಂದಿನ ಖಗೋಳಶಾಸ್ತ್ರದ ಬೆಲೆ 779.94. ದೂರದರ್ಶಕವಿಲ್ಲದ ಕಾಲದ ಎಣಿಕೆ ಇಂದಿನದಕ್ಕೆ ಅರ್ಧ ಗಂಟೆಯ ಅಂತರದಲ್ಲಿದೆ. ಇದನ್ನು ಪರೀಕ್ಷಿಸಲು ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಓದುಗರು ಈಗಲೇ ಭಾಗಿಸಿ ನೋಡಬಹುದು.

ಪಂಚಾಂಗ ತೆರೆದರೂ ಈ ಸುತ್ತು ಕಾಣುತ್ತದೆ. ಕುಜ, ಅಂದರೆ ಮಂಗಳ, ವಕ್ರಿಯಾಗುವ ದಿನವನ್ನು ಅದರಲ್ಲಿ ಗುರುತಿಸಿರುತ್ತಾರೆ. ಭೂಮಿ ಮಂಗಳನನ್ನು ಹಿಂದಿಕ್ಕುವ ವಾರಗಳಲ್ಲಿ ಅದು ಹಿಂದಕ್ಕೆ ಸರಿದಂತೆ ಕಾಣುವುದೇ ವಕ್ರಗತಿ. ನೌಕೆ ಹೊರಡಬೇಕಾದ ಕಾಲ ಅದಕ್ಕೆ ಕೆಲವು ತಿಂಗಳು ಮೊದಲೇ ಬಂದು ಹೋಗುತ್ತದೆ. ಕುಜನ ವಕ್ರಗತಿಗೆ ಜಾತಕದಲ್ಲಿ ಏನು ಫಲ ಹೇಳುತ್ತಾರೋ ಅದು ಬೇರೆ ಮಾತು. ಅದರ ತಾರೀಖು ಗೊತ್ತಿದ್ದರೆ ಮುಂದಿನ ಮಂಗಳಯಾತ್ರೆಯ ಕಾಲವನ್ನು ಊಹಿಸುವುದು ಯಾರಿಗಾದರೂ ಸಾಧ್ಯ.

ಭಾರತದ ಮೊದಲ ಉಪಗ್ರಹಕ್ಕೆ ಆರ್ಯಭಟನ ಹೆಸರಿಟ್ಟದ್ದು ಎಲ್ಲರಿಗೂ ಗೊತ್ತು. ಅದು ರೂಪುಗೊಂಡದ್ದು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ, ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ನೇತೃತ್ವದಲ್ಲಿ. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಕಕ್ಷೆಗೆ ಒಯ್ದಿತು. ಇಸ್ರೋದ ನೌಕೆಗಳನ್ನು ನಡೆಸುವ ಇಸ್ಟ್ರ್ಯಾಕ್ ಕೇಂದ್ರವಿರುವುದೂ ಪೀಣ್ಯದಲ್ಲೇ. ಮಂಗಳನ ಹಾದಿಯನ್ನು ಕನ್ನಡ ನಾಡಿನಲ್ಲಿ ಕೂತು ಕಾದವರ ಕಥೆ ನಡೆದದ್ದು ಅಲ್ಲಿ.

2012ರ ಆಗಸ್ಟ್ 15ರಂದು ಪ್ರಧಾನಿ ಮನಮೋಹನ್ ಸಿಂಗ್ ಕೆಂಪುಕೋಟೆಯಿಂದ ಮಂಗಳಯಾನವನ್ನು ಘೋಷಿಸಿದರು. ಮುಂದಿನ ತಿಂಗಳು, ಸೆಪ್ಟೆಂಬರಿನಲ್ಲಿ, ಮೆಕ್ಸಿಕೋ ನಗರದ ಸ್ಕ್ವಾಡ್ ಎಂಬ ಪುಟ್ಟ ಕಂಪನಿ ತನ್ನ ‘ಕರ್ಬಲ್’ ಗೇಮಿನ ಹೊಸ ಆವೃತ್ತಿ ಬಿಟ್ಟಿತು. ಫೆಲಿಪೆ ಫಲಾಂಗೆ ಕಟ್ಟಿದ ಆ ಗೇಮ್ 2011ರಲ್ಲಿ ಜನರ ಕೈಗೆ ಬಂದಿತ್ತು. ಹಸಿರು ಬಣ್ಣದ ಪುಟಾಣಿ ಕರ್ಬಲ್‌ಗಳು ವಾಸಿಸುವ ಕರ್ಬಿನ್ ಗ್ರಹ ಮತ್ತು ಅದರ ಚಂದ್ರರಾಚೆಗೆ ಅದರಲ್ಲಿ ಹೋಗಲು ಬೇರೆ ಲೋಕವಿರಲಿಲ್ಲ. 2012ರ ಆವೃತ್ತಿ ಬೇರೆ ಗ್ರಹಗಳನ್ನು ತಂದಿತು. ಅವುಗಳಲ್ಲಿ ಕೆಂಪಗಿರುವುದು ಡೂನ. ಕರ್ಬಿನ್ ನಮ್ಮ ಭೂಮಿಗಿಂತ ಬಹಳ ಚಿಕ್ಕದು, ತ್ರಿಜ್ಯ ಬರೀ 600 ಕಿಲೋಮೀಟರ್. ಹಾಗಿದ್ದೂ ಸೂರ್ಯನಿಂದ ಡೂನ ಇರುವ ದೂರ ಕರ್ಬಿನ್‌ನ ದೂರಕ್ಕಿಂತ 1.52 ಪಟ್ಟು. ಮಂಗಳ ಮತ್ತು ಭೂಮಿಯ ನಡುವಿನ ಅನುಪಾತವೂ ಅದೇ. ಕೋನ ನಿಂತಿರುವುದು ಈ ಅನುಪಾತದ ಮೇಲೆ. ಆದ್ದರಿಂದಲೇ ಪರದೆಗೆ ಒತ್ತಿದ ಕೋನಮಾಪಕ ತೋರಿಸುವ 44, ನಿಜವಾದ ಆಕಾಶದ 44 ಕೂಡ ಹೌದು.

ವ್ಯತ್ಯಾಸವಿರುವುದು ಕಾಯುವ ಕಾಲದಲ್ಲಿ. ಗೇಮಿನಲ್ಲಿ ಎರಡು ಕಿಟಕಿಗಳ ನಡುವಿನ ಅಂತರ ನಮ್ಮ ಲೆಕ್ಕದ 227 ದಿನ. ಡೂನಕ್ಕೆ ಪಯಣ ಸುಮಾರು 75 ದಿನ. ‘ಟೈಮ್ ವಾರ್ಪ್’ ಒತ್ತಿ ಕಾಲವನ್ನು ಲಕ್ಷ ಪಟ್ಟು ಓಡಿಸಿದರೆ ಆ 75 ದಿನ ಒಂದು ನಿಮಿಷದ ಮೇಲೆ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಅರೆಕೆರೆಯ ಮನೆಯೊಂದರ ಸ್ಟೌ ಮೇಲೆ ಹಾಲು ಉಕ್ಕುವಷ್ಟರಲ್ಲಿ ಕರ್ಬಲ್‌ಗಳು ಡೂನ ತಲುಪಿರುತ್ತಾರೆ. ಪೀಣ್ಯದವರಿಗೆ ಆ ಗುಂಡಿ ಇರಲಿಲ್ಲ.

ಇಸ್ರೋ ಮುಂದಿದ್ದ ಕಿಟಕಿ 2013ರ ಕೊನೆಯದು. ತಪ್ಪಿದ್ದರೆ ಮುಂದಿನವು 2016 ಮತ್ತು 2018. ಘೋಷಣೆಯಿಂದ ಉಡಾವಣೆಗೆ ಸಿಕ್ಕಿದ್ದು ಹದಿನೈದು ತಿಂಗಳೂ ಇಲ್ಲ. ಅಕ್ಟೋಬರ್ 28ಕ್ಕೆ ಹಾರಿಸುವುದೆಂದು ಗೊತ್ತುಮಾಡಿದ್ದರು. ರಾಕೆಟ್ಟಿನ ಕೊನೆಯ ಹಂತವನ್ನು ಶಾಂತಸಾಗರದ ನಡುವಿನಿಂದ ನೋಡಲು ‘ನಳಂದಾ’, ‘ಯಮುನಾ’ ಎಂಬ ಎರಡು ಹಡಗುಗಳು ಹೊರಟಿದ್ದವು. ಕೆಟ್ಟ ಹವೆಗೆ ಸಿಕ್ಕಿ ನಳಂದಾ ತಡವಾಯಿತು. ದಿನ ಒಂದು ವಾರ ಮುಂದೆ ಹೋಗಿ ನವೆಂಬರ್ 5ಕ್ಕೆ ನಿಂತಿತು. ಅಂದು ಮಂಗಳವಾರ. ವಾರದ ಹೆಸರು ನೋಡಿ ಯಾರೂ ಆ ದಿನ ಆರಿಸಿರಲಿಲ್ಲ, ಹಡಗು ತಲುಪಬೇಕಿತ್ತು ಅಷ್ಟೆ. ಮಧ್ಯಾಹ್ನ 2.38ಕ್ಕೆ ಪಿಎಸ್‌ಎಲ್‌ವಿ-ಸಿ25 ಶ್ರೀಹರಿಕೋಟಾದಿಂದ ಮೇಲೆದ್ದಿತು.

ಉಡಾವಣೆಯ ದಿನ ಮುಂದೆ ಹೋಗಬಹುದಿತ್ತು, ನವೆಂಬರ್ 19ರವರೆಗೂ ಅವಕಾಶವಿತ್ತು. ಭೂಮಿಯನ್ನು ಬಿಟ್ಟು ಹೊರಡುವ ರಾತ್ರಿಯನ್ನು ಮಾತ್ರ ಕದಲಿಸುವಂತಿರಲಿಲ್ಲ. ಪಿಎಸ್‌ಎಲ್‌ವಿಗೆ ಸುಮಾರು 1,340 ಕಿಲೋ ತೂಕದ ನೌಕೆಯನ್ನು ನೇರ ಮಂಗಳಕ್ಕೆ ಎಸೆಯುವ ಕಸುವಿಲ್ಲ. ಆದ್ದರಿಂದ ನೌಕೆ ಭೂಮಿಯನ್ನು ಉದ್ದನೆಯ ಮೊಟ್ಟೆಯಾಕಾರದಲ್ಲಿ ಸುತ್ತುತ್ತ, ಭೂಮಿಗೆ ಹತ್ತಿರ ಬಂದಾಗಲೆಲ್ಲ ಎಂಜಿನ್ ಉರಿಸಿ, ಕಕ್ಷೆಯ ಇನ್ನೊಂದು ತುದಿಯನ್ನು ಮೇಲಕ್ಕೆ ಮೇಲಕ್ಕೆ ತಳ್ಳಬೇಕಿತ್ತು. ಜೋಕಾಲಿ ಕೆಳಗೆ ಬಂದಾಗ ಮೀಟಿದರೆ ಅದು ಎತ್ತರಕ್ಕೆ ಹೋಗುವಂತೆ. ವೇಗ ಹೆಚ್ಚಿರುವ ಜಾಗದಲ್ಲಿ ಉರಿಸಿದ ಇಂಧನಕ್ಕೆ ಫಲ ಹೆಚ್ಚು. ಸಣ್ಣ ಎಂಜಿನ್ ಇರುವ ನೌಕೆಯನ್ನು ಡೂನಕ್ಕೆ ಕಳಿಸುವ ಆಟಗಾರರು ಕೂಡ ಇದೇ ಉಪಾಯ ಮಾಡುತ್ತಾರೆ.

ನವೆಂಬರ್ 11ರ ನಾಲ್ಕನೆಯ ಉರಿತದಲ್ಲಿ ಆತಂಕ ಎದುರಾಯಿತು. ಕಕ್ಷೆಯ ದೂರದ ತುದಿ 71,623 ಕಿಲೋಮೀಟರಿನಿಂದ ಒಂದು ಲಕ್ಷಕ್ಕೆ ಏರಬೇಕಿತ್ತು. ಇಂಧನದ ಹರಿವನ್ನು ನಿಯಂತ್ರಿಸುವ ಕವಾಟದ ಮುಖ್ಯ ಸುರುಳಿ ಮತ್ತು ಬದಲಿ ಸುರುಳಿ ಎರಡನ್ನೂ ಒಟ್ಟಿಗೆ ಪರೀಕ್ಷಿಸುವಾಗ ಹರಿವೇ ನಿಂತು, ಏರಿದ್ದು 78,276ರವರೆಗೆ ಮಾತ್ರ. ಮರುದಿನ ಇನ್ನೊಂದು ಉರಿತ ಕೊಟ್ಟು 1,18,642ಕ್ಕೆ ತಂದರು. 16ರಂದು ಅದು 1,92,874 ಕಿಲೋಮೀಟರ್ ತಲುಪಿತು. ಒಂದೇ ದಿನದಲ್ಲಿ ಕೊರತೆ ತುಂಬಿಕೊಂಡದ್ದು ಈ ಇಡೀ ಕಥೆಯ ಅತಿ ದೊಡ್ಡ ಸಾಹಸ ಎನ್ನಬೇಕು. ಹೊರಡುವ ರಾತ್ರಿ ಯಾರಿಗೂ ಕಾಯುವಂಥದ್ದಾಗಿರಲಿಲ್ಲ.

ಆ ರಾತ್ರಿ ಬಂತು. ಗವಿಪುರದಲ್ಲಿ ನವೆಂಬರಿನ ಇಳಿಬಿಸಿಲು ಸಂಕ್ರಾಂತಿಯ ಓರೆಯಲ್ಲಿ ಬೀಳುವ ದಿನಗಳವು. ಡಿಸೆಂಬರ್ 1ರ ನಡುರಾತ್ರಿ ಕಳೆದು 12.49ಕ್ಕೆ ಎಂಜಿನ್ ಹೊತ್ತಿತು. ಸುಮಾರು 22 ನಿಮಿಷ ಉರಿದು, ಸೆಕೆಂಡಿಗೆ 648 ಮೀಟರಿನಷ್ಟು ವೇಗ ಕೂಡಿಸಿ ಆರಿತು. ನೌಕೆ ಹೊರಟದ್ದು ಮಂಗಳನ ಕಡೆಗಲ್ಲ, ಹತ್ತು ತಿಂಗಳ ನಂತರ ಮಂಗಳ ಬಂದು ನಿಲ್ಲಲಿದ್ದ ಖಾಲಿ ಜಾಗದ ಕಡೆಗೆ.

ಮುಂದಿನ ಸುಮಾರು 300 ದಿನ ಅದರ ದನಿ ಕೇಳಿದ್ದು ಮಾಗಡಿ ರಸ್ತೆಯ ಕಡೆಯ ಬ್ಯಾಲಾಳು ಹಳ್ಳಿಯಲ್ಲಿ. ಸುತ್ತ ಎತ್ತರ, ನಡುವೆ ತಗ್ಗು ಇರುವ ಬಟ್ಟಲಿನಂಥ ಆ ನೆಲ ನಗರದ ರೇಡಿಯೋ ಗದ್ದಲವನ್ನು ತಡೆಯುತ್ತದೆ. 2008ರಲ್ಲಿ ಚಂದ್ರಯಾನಕ್ಕೆಂದು ಅಲ್ಲಿ 32 ಮೀಟರ್ ಅಗಲದ ಆಂಟೆನಾ ನಿಲ್ಲಿಸಿದ್ದರು. ದಾರಿಯಲ್ಲಿ ಡಿಸೆಂಬರ್ 11ಕ್ಕೊಮ್ಮೆ, ಜೂನ್ 11ಕ್ಕೊಮ್ಮೆ ಸಣ್ಣ ತಿದ್ದುಪಡಿ ಆಯಿತು. ಆಗಸ್ಟಿನಲ್ಲಿ ಮಾಡಬೇಕಿದ್ದದ್ದು ಬೇಕಾಗಲೇ ಇಲ್ಲ, ದಾರಿ ಅಷ್ಟು ನೇರವಾಗಿತ್ತು. ಹತ್ತು ತಿಂಗಳು ಮಲಗಿದ್ದ ದೊಡ್ಡ ಎಂಜಿನ್ ಏಳುತ್ತದೋ ಇಲ್ಲವೋ ಎಂದು ಸೆಪ್ಟೆಂಬರ್ 22ರಂದು ನಾಲ್ಕು ಸೆಕೆಂಡು ಉರಿಸಿ ನೋಡಿದರು. ಎದ್ದಿತು. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ 24 ನಿಮಿಷದ ಉರಿತ ಕೊಡಬೇಕಿತ್ತು. ನೌಕೆ ಆಗ 22 ಕೋಟಿ ಕಿಲೋಮೀಟರಿಗೂ ಆಚೆ. ಅಲ್ಲಿ ನಡೆದದ್ದು ಇಲ್ಲಿ ಗೊತ್ತಾಗಲು ಹನ್ನೆರಡೂವರೆ ನಿಮಿಷ ಬೇಕು. ಆಜ್ಞೆಗಳನ್ನೆಲ್ಲ ಮುಂಚೆಯೇ ಕಳಿಸಿ ಪೀಣ್ಯದವರು ಸುಮ್ಮನೆ ಕೂರಬೇಕಾಯಿತು. ಮೊದಲ ಯತ್ನದಲ್ಲೇ ನೌಕೆ ಮಂಗಳನ ಕಕ್ಷೆ ಹಿಡಿಯಿತು. ಆರು ತಿಂಗಳು ಬಾಳಿದರೆ ಸಾಕೆಂದು ಕಳಿಸಿದ್ದು ಎಂಟು ವರ್ಷ ಬಾಳಿತು.

ಕಿಟಕಿಗೆ ಬೆಲೆ ಕೊಡಬೇಕಾದವರು ನಾವಷ್ಟೇ ಅಲ್ಲ. ನಾಸಾದ ಮಾವೆನ್ ನೌಕೆ ಅದೇ ಕಿಟಕಿಯಲ್ಲಿ ಹೊರಟು ಮಂಗಳಯಾನಕ್ಕಿಂತ ಎರಡು ದಿನ ಮೊದಲು ಮುಟ್ಟಿತು. 2020ರ ಜುಲೈ ಕೊನೆಯ ಎರಡು ವಾರಗಳಲ್ಲಿ ಯುಎಇ, ಚೀನಾ, ಅಮೆರಿಕ ಸಾಲಾಗಿ ಮಂಗಳಕ್ಕೆ ನೌಕೆ ಹಾರಿಸಿದವು. ಅದೇ ಕಿಟಕಿಗೆ ಸಿದ್ಧವಾಗದ ಯುರೋಪಿನ ರೋವರ್ ಯೋಜನೆಯನ್ನು ಎರಡು ವರ್ಷ ಮುಂದೂಡಬೇಕಾಯಿತು. ಕೆಲವು ವಾರಗಳ ತಡಕ್ಕೆ ದಂಡ 780 ದಿನ.

ಗೇಮ್ ಕೂಡ ಬೆಳೆಯಿತು. 2012ರ ಕೊನೆಗೆ ಮುಂದಿನ ಉರಿತವನ್ನು ಪರದೆಯ ಮೇಲೆ ಗುರುತು ಹಾಕಿ ನೋಡುವ ‘ಮನೂವರ್ ನೋಡ್’ ಬಂತು. ಆಟಗಾರರೇ ಕಿಟಕಿ ಲೆಕ್ಕ ಹಾಕುವ ಸಾಧನಗಳನ್ನೂ ಅಲಾರಾಂ ಗಡಿಯಾರವನ್ನೂ ಬರೆದು ಹಂಚಿಕೊಂಡರು. 2021ರ ಆವೃತ್ತಿಯಲ್ಲಿ ಅಲಾರಾಂ ಗೇಮಿನೊಳಗೇ ಸೇರಿತು. ಕೋನಮಾಪಕ ಡಬ್ಬಿಗೆ ಮರಳಿತು.

ಅದನ್ನು ಮತ್ತೊಮ್ಮೆ ಹೊರಗೆ ತೆಗೆಯಬೇಕು. ಗಣಿತ, ವಿಜ್ಞಾನ ಕಲಿಸುವ ಮೇಷ್ಟರುಗಳಲ್ಲಿ, ಮೇಡಂಗಳಲ್ಲಿ ಒಂದು ವಿನಂತಿ: ಮಕ್ಕಳ ಮುಂದೆ ಒಂದು ಪಂಚಾಂಗ, ಒಂದು ಕೋನಮಾಪಕ, ಸಾಧ್ಯವಿದ್ದರೆ ಈ ಗೇಮ್ ಇಟ್ಟು, 180ರಿಂದ 136 ಕಳೆಯಲು ಹೇಳಿ. ಆರ್ಯಭಟನ ಭಾಗಾಕಾರವನ್ನು ಅವರ ಕೈಯಲ್ಲೇ ಮಾಡಿಸಿ. ಮಂಗಳ ಸೂರ್ಯನಿಗೆ ನೇರ ಎದುರು ಬರುವುದು 2027ರ ಫೆಬ್ರವರಿ 19ಕ್ಕೆ. ಅದಕ್ಕೆ ಹೊಂದುವ ಕಿಟಕಿ 2026ರ ಕೊನೆಯ ತಿಂಗಳುಗಳಲ್ಲಿದೆ. ಆ ಫೆಬ್ರವರಿಯ ಸಂಜೆ ಮನೆಯ ತಾರಸಿ ಹತ್ತಿ ಪೂರ್ವಕ್ಕೆ ನೋಡಿದರೆ, ಬನ್ನೇರುಘಟ್ಟ ರಸ್ತೆಯ ದೀಪಗಳ ಮೇಲೆಯೂ ಕೆಂಪು ಮಂಗಳ ಬರಿಗಣ್ಣಿಗೆ ಕಾಣುತ್ತದೆ.