ಸಿವಾಸಿನ ಹೆಬ್ಬಾಗಿಲುಗಳು

ತುರ್ಕಿಯ ಒಳನಾಡಿನ ಸಿವಾಸ್ ನಗರದಲ್ಲಿ 1271ರ ಒಂದೇ ವರ್ಷ ಮೂರು ಮದರಸಾಗಳು ಎದ್ದವು. ಆಗ ನಾಡು ಮಂಗೋಲರ ಅಧೀನ. ಆದರೂ ಊರು ವಿದ್ಯೆಗೆ ಮನೆ ಕಟ್ಟಿತು. 1400ರಲ್ಲಿ ತೈಮೂರನು ನಗರವನ್ನು ಹಾಳುಗೆಡವಿದರೂ ಅವುಗಳ ಕೆತ್ತನೆಯ ಹೆಬ್ಬಾಗಿಲುಗಳು ಇಂದಿಗೂ ನಿಂತಿವೆ. 1919ರ ಸೆಪ್ಟೆಂಬರಿನಲ್ಲಿ ಮುಸ್ತಫಾ ಕೆಮಾಲನು ರಾಷ್ಟ್ರೀಯ ಸಮ್ಮೇಳನ ನಡೆಸಿದ್ದೂ ಇಲ್ಲಿಯ ಶಾಲೆಯೊಂದರಲ್ಲೇ.

ಹದಿನಾರನೆಯ ಶತಮಾನದ ಜನಪದ ಕವಿ ಪೀರ್ ಸುಲ್ತಾನ್ ಅಬ್ದಾಲನನ್ನು ಗಲ್ಲಿಗೇರಿಸಿದ್ದು ಈ ಊರಿನಲ್ಲೆಂದು ಪ್ರತೀತಿ. ಅವನ ಹೆಸರಿನ ಉತ್ಸವಕ್ಕೆ ಬಂದ ಕವಿಗಳೂ ಗಾಯಕರೂ ತಂಗಿದ್ದ ಮಾದಿಮಾಕ್ ಹೋಟೆಲಿಗೆ 1993ರ ಜುಲೈ 2ರಂದು ಉದ್ರಿಕ್ತ ಗುಂಪು ಬೆಂಕಿಯಿಟ್ಟಿತು. ಹೋಟೆಲಿನ ಇಬ್ಬರು ನೌಕರರೂ ಸೇರಿ ಒಳಗಿದ್ದ 35 ಮಂದಿ ಮಡಿದರು.

2023ರಿಂದ ಅಂಕಾರಾಕ್ಕೂ ಸಿವಾಸಿಗೂ ಅತಿವೇಗದ ರೈಲು ಓಡುತ್ತಿದೆ. ಕಾವ್ಯ ಪಾಠ ಹೇಳುವ ನನಗನ್ನಿಸುವುದು ಇಷ್ಟು: ವಿದ್ಯಾಲಯವನ್ನು ಒಮ್ಮೆ ಕಟ್ಟಿದರೆ ಶತಮಾನಗಳು ಉಳಿದೀತು, ಕವಿಯನ್ನು ಕಾಯುವ ಮನಸ್ಸನ್ನು ಮಾತ್ರ ಪ್ರತಿಯೊಂದು ತಲೆಮಾರೂ ಹೊಸದಾಗಿ ಕಟ್ಟಬೇಕು.