ನರಹುಲಿಯ ಕಿರುಚರಿತ್ರೆ



ಸಾಮ್ರಾಜ್ಯಗಳ ಏಳುಬೀಳು, ಶಾಸನಗಳ ಪಾಠ, ಕವಿಗಳ ಕಾಲನಿರ್ಣಯ ಇತ್ಯಾದಿ ಗಂಭೀರ ವಿಷಯಗಳಿಗೆ ಒಗ್ಗಿದ ಸಭೆಯ ಮುಂದೆ ನರಹುಲಿಯಂಥ ಕ್ಷುದ್ರ ವಸ್ತುವನ್ನು ಇಡಲು ಸ್ವಲ್ಪ ಸಂಕೋಚವಾಗುತ್ತದೆ. ಆದರೆ ‘ಕ್ಷುದ್ರ’ ಎಂಬ ವಿಶೇಷಣ ನಮ್ಮದಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ‘ಕ್ಷುದ್ರರೋಗ’ಗಳಿಗೆಂದೇ ಒಂದು ಅಧ್ಯಾಯವಿದ್ದು, ಅಲ್ಲಿ ‘ಮಷಕ’ವೆಂಬುದರ ಲಕ್ಷಣ ಬರುತ್ತದೆ: ನೋವಿಲ್ಲದ, ಗಟ್ಟಿಯಾದ, ಉದ್ದಿನ ಕಾಳಿನಂತೆ ಕಪ್ಪಾಗಿ ಉಬ್ಬಿದ ಗಂಟು. ಅದೇ ಗ್ರಂಥವು ‘ಚರ್ಮಕೀಲ’ವನ್ನು, ಅಂದರೆ ಚರ್ಮಕ್ಕೆ ಬಡಿದ ಮೊಳೆಯಂತಿರುವುದನ್ನು, ಮೂಲವ್ಯಾಧಿಯ ಪ್ರಕರಣದಲ್ಲಿ ಬೇರೆಯಾಗಿ ಹೇಳುತ್ತದೆ. ಚಿಕಿತ್ಸೆ ಮಾತ್ರ ಎರಡಕ್ಕೂ ಒಂದೇ: ಶಸ್ತ್ರದಿಂದ ಕೆತ್ತಿ, ಕ್ಷಾರದಿಂದಲೋ ಬೆಂಕಿಯಿಂದಲೋ ಸುಡುವುದು.

ಈ ಕ್ಷಾರವನ್ನು ನಾವೆಲ್ಲರೂ ಬಲ್ಲೆವು. ಗಿಡಗಳ ಬೂದಿಯನ್ನು ನೀರಿನಲ್ಲಿ ಕದಡಿ ಸೋಸಿ, ಸುಟ್ಟ ಸುಣ್ಣವನ್ನು ಬೆರೆಸಿ ಕುದಿಸುವುದು ಸುಶ್ರುತನ ವಿಧಾನ. ನಮ್ಮ ಊರುಗಳಲ್ಲಿ ಎಲೆಯಡಿಕೆಯ ಸುಣ್ಣಕ್ಕೆ ಬಟ್ಟೆ ಒಗೆಯುವ ಸೋಡ ಕಲಸಿ ನರಹುಲಿಯ ಮೇಲೆ ಚುಕ್ಕೆಯಿಡುತ್ತಿದ್ದ ಅಜ್ಜಿಯರು ಮಾಡುತ್ತಿದ್ದುದೂ ರಸಾಯನಶಾಸ್ತ್ರದ ದೃಷ್ಟಿಯಿಂದ ಅದನ್ನೇ. ಎರಡರಲ್ಲಿಯೂ ಹುಟ್ಟುವುದು ಚರ್ಮವನ್ನು ಕೊರೆಯುವ ತೀಕ್ಷ್ಣ ಕ್ಷಾರ. ಗೇರೆಣ್ಣೆಯೂ ಎಕ್ಕದ ಹಾಲೂ ಸುಡುವ ಗುಂಪಿಗೇ ಸೇರಿದವು. ಕುದುರೆಯ ಬಾಲದ ಕೂದಲನ್ನು ಬಿಗಿದು ಕಟ್ಟುವುದು ಇನ್ನೊಂದು ಉಪಾಯ. ಇವಾವುದೂ ಸಾಲದಾದಾಗ ದೇವರಿಗೆ ಉಪ್ಪು, ಮೆಣಸು, ಬೆಲ್ಲದ ಹರಕೆ. ಪುಷ್ಕರಿಣಿಯಲ್ಲಿ ಬೆಲ್ಲ ಕರಗಿದಂತೆ ಮೈಮೇಲಿನ ಗಂಟೂ ಕರಗಲಿ ಎಂಬ ಪ್ರಾರ್ಥನೆ.

ರೋಮನರ ನಾಡಿನಲ್ಲಿಯೂ ಈ ಗಂಟಿಗೆ ಗೌರವದ ಸ್ಥಾನವಿತ್ತು. ಹ್ಯಾನಿಬಾಲನನ್ನು ಕಾದಾಡದೆಯೇ ದಣಿಸಿದ ಸೇನಾನಿ ಫೇಬಿಯಸ್ ಮ್ಯಾಕ್ಸಿಮಸನಿಗೆ, ಮೇಲ್ದುಟಿಯ ಮೇಲಿದ್ದ ಗಂಟಿನ ದೆಸೆಯಿಂದ, ‘ವೆರುಕೋಸಸ್’ ಎಂಬ ಅಡ್ಡಹೆಸರಿತ್ತೆಂದು ಪ್ಲೂಟಾರ್ಕ್ ಬರೆದಿದ್ದಾನೆ. ನಮ್ಮ ಪ್ರಸ್ತುತಕ್ಕೆ ಹೆಚ್ಚು ಬೇಕಾದವನು ಕ್ರಿಸ್ತಶಕ 1ನೆಯ ಶತಮಾನದ ಗ್ರಂಥಕಾರ ಸೆಲ್ಸಸ್. ಅವನು ಚರ್ಮದ ಗಂಟುಗಳನ್ನು ಒಂದೇ ರಾಶಿಯಲ್ಲಿ ಹಾಕದೆ ಬೇರ್ಪಡಿಸಿದ. ಚರ್ಮದಿಂದ ಜೋಲುವ ‘ಅಕ್ರೊಕಾರ್ಡನ್’ ಒಂದು; ಥೈಮ್ ಗಿಡದ ಹೂವಿನ ಬಣ್ಣದ, ಒರಟಾದ ‘ಥೈಮಿಯನ್’ ಮತ್ತೊಂದು; ಇರುವೆಯ ಗ್ರೀಕ್ ಹೆಸರಿನಿಂದ ಬಂದ, ಆಳಕ್ಕೆ ಕೂತಿರುವ ‘ಮಿರ್ಮೀಸಿಯ’ ಇನ್ನೊಂದು. ನಾವು ಕನ್ನಡಿಗರಾದರೋ ಇಂದಿಗೂ ಜೋಲುವುದನ್ನೂ ಒರಟಾದುದನ್ನೂ ನರಹುಲಿ ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ಕುತ್ತಿಗೆ, ಕಂಕುಳುಗಳಲ್ಲಿ ಮೆತ್ತಗೆ ತೊಟ್ಟಿನಿಂದ ಜೋಲುವ ಎಳೆಚರ್ಮ ನಿಜವಾದ ನರಹುಲಿಯಲ್ಲ. ಅದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಕುದುರೆ ಕೂದಲಿಗೆ ಮಣಿದು ಉದುರುತ್ತಿದ್ದುದು ಬಹುಮಟ್ಟಿಗೆ ಇದೇ ಆಗಿರಬೇಕೆಂದು ನಮ್ಮ ಎಣಿಕೆ. ಕೂದಲಿಗೆ ಬಂದ ಕೀರ್ತಿಯಲ್ಲಿ ಅರ್ಧ ಹೆಸರಿನ ಗೊಂದಲಕ್ಕೆ ಸಲ್ಲಬೇಕು.

ಪೂರ್ವದಲ್ಲಿಯೂ ಪಶ್ಚಿಮದಲ್ಲಿಯೂ ಜನ ಹಿಡಿದುಕೊಂಡು ಬಂದ ಒಂದು ತಪ್ಪು ಕಲ್ಪನೆಯಿದೆ. ನರಹುಲಿಗೆ ಬೇರಿದೆ, ಅದನ್ನು ಕಿತ್ತಲ್ಲದೆ ಗುಣವಿಲ್ಲ ಎಂಬುದೇ ಅದು. ಸೆಲ್ಸಸನೂ ಬೇರಿನ ಮಾತನ್ನೇ ಆಡುತ್ತಾನೆ. ಒರಟು ಗಂಟಿನ ಮೇಲ್ಪದರವನ್ನು ಉಜ್ಜಿದಾಗ ಕಾಣುವ ಕಪ್ಪು ಚುಕ್ಕೆಗಳೇ ಬೇರಿನ ತುದಿಗಳೆಂದು ನಮ್ಮವರು ನಂಬಿದರು. ಅವು ರಕ್ತ ಹೆಪ್ಪುಗಟ್ಟಿದ ಸೂಕ್ಷ್ಮ ನಾಳಗಳೇ ಹೊರತು ಬೇರುಗಳಲ್ಲ. ನರಹುಲಿಯು ಚರ್ಮದ ಮೇಲ್ಪದರದಲ್ಲಿಯೇ ಬೆಳೆಯುತ್ತದೆ, ಒಳಪದರವನ್ನು ಒತ್ತಬಹುದಾದರೂ ಅದರೊಳಕ್ಕೆ ಇಳಿಯುವುದಿಲ್ಲ. ಇಲ್ಲದ ಬೇರನ್ನು ಹುಡುಕುತ್ತ ಬ್ಲೇಡಿನಿಂದ ಅಗೆದವರು, ಸುಣ್ಣದಿಂದ ಕೊರೆದವರು ಒಳಪದರವನ್ನು ಕೆಡಿಸಿ ಜೀವಮಾನದ ಕಲೆಯನ್ನು ಸಂಪಾದಿಸಿದರು. ತಾನಾಗಿ ಹೋಗಬಹುದಾಗಿದ್ದ ಗಂಟಿಗೆ ಇದು ದುಬಾರಿ ಬೆಲೆ.

ತಾನಾಗಿ ಹೋಗುವುದು ಎಂದೆವಷ್ಟೆ. ಈ ಚರಿತ್ರೆಯ ತಿರುಳೇ ಅಲ್ಲಿದೆ. ಆಧುನಿಕ ವಿಜ್ಞಾನವಿಧಾನದ ಪ್ರವರ್ತಕರಲ್ಲಿ ಒಬ್ಬನೆಂದು ಹೆಸರಾದ ಫ್ರಾನ್ಸಿಸ್ ಬೇಕನ್ ತನ್ನ ಕೈಬೆರಳಿನ ಕತೆಯನ್ನು, ಅವನ ಮರಣಾನಂತರ ಪ್ರಕಟವಾದ ‘ಸಿಲ್ವ ಸಿಲ್ವರಮ್’ ಗ್ರಂಥದಲ್ಲಿ ಹೇಳಿಕೊಂಡಿದ್ದಾನೆ. ಬಾಲ್ಯದಿಂದಲೂ ಅವನ ಬೆರಳಿನ ಮೇಲೆ ಒಂದು ನರಹುಲಿಯಿತ್ತು. ಸುಮಾರು ಹದಿನಾರರ ಪ್ರಾಯದಲ್ಲಿ ಪ್ಯಾರಿಸಿನಲ್ಲಿದ್ದಾಗ, ಒಂದು ತಿಂಗಳ ಅವಧಿಯಲ್ಲಿ ಎರಡೂ ಕೈಗಳ ಮೇಲೆ ನೂರಕ್ಕೆ ಕಡಿಮೆಯಿಲ್ಲದಷ್ಟು ಎದ್ದವು. ಇಂಗ್ಲೆಂಡಿನ ರಾಯಭಾರಿಯ ಪತ್ನಿ, ಮೂಢನಂಬಿಕೆಯಿಂದ ದೂರವಾದ ಹೆಂಗಸೆಂದು ಬೇಕನನೇ ಹೇಳುತ್ತಾನೆ, ಹಂದಿಯ ಕೊಬ್ಬಿನ ತುಂಡೊಂದನ್ನು ಎಲ್ಲ ಗಂಟುಗಳಿಗೂ ಉಜ್ಜಿ, ದಕ್ಷಿಣದ ಕಿಟಕಿಯ ಕಂಬಕ್ಕೆ ಬಿಸಿಲಿಗೆ ಮುಖಮಾಡಿ ಮೊಳೆ ಹೊಡೆದಿಟ್ಟಳು. ಐದು ವಾರಗಳೊಳಗೆ ನೂರೂ ಮಾಯವಾದವು. ಬಾಲ್ಯದ ಹಳೆಯದೂ ಜತೆಗೆ ಹೊರಟುಹೋಯಿತು. ಬೇಗ ಬಂದವು ಬೇಗ ಹೋದುದರಲ್ಲಿ ಸೋಜಿಗವಿಲ್ಲ, ಅಷ್ಟು ಕಾಲ ನಿಂತಿದ್ದುದು ಹೋದುದೇ ತನ್ನನ್ನು ಕಾಡುತ್ತಿದೆ ಎಂಬ ಧಾಟಿಯಲ್ಲಿ ಅವನು ಬರೆದ.

ಇದೇ ಬೇಕನ್ 1620ರ ‘ನೋವಂ ಆರ್ಗನಂ’ನಲ್ಲಿ ಇನ್ನೊಂದು ಪ್ರಸಂಗವನ್ನು ಎತ್ತಿಕೊಳ್ಳುತ್ತಾನೆ. ಹರಕೆ ಹೊತ್ತು ಹಡಗೊಡೆತದಿಂದ ಪಾರಾದವರ ಚಿತ್ರಗಳನ್ನು ದೇವಾಲಯದಲ್ಲಿ ತೋರಿಸಿದಾಗ ಒಬ್ಬನು, ಹರಕೆ ಹೊತ್ತೂ ಮುಳುಗಿದವರ ಚಿತ್ರಗಳು ಎಲ್ಲಿ ಎಂದು ಕೇಳಿದನಂತೆ. ಈ ಪ್ರಶ್ನೆಯನ್ನು ಬಲ್ಲ ಮಹಾಮತಿಗೂ ಕೊಬ್ಬಿನ ತುಂಡಿನ ವಿಷಯದಲ್ಲಿ ಬೆರಗು ತಪ್ಪಲಿಲ್ಲ. ಹೀಗಿರಲು, ಬೆಲ್ಲದ ಹರಕೆ ತೀರಿಸಿ ಬಂದ ನಮ್ಮ ಹಿರಿಯರನ್ನು ನಗೆಯಾಡಲು ನಮಗೆ ಮನಸ್ಸು ಬಾರದು. ಸತ್ತ ಬೆಕ್ಕನ್ನು ಹೊತ್ತು ನಡುರಾತ್ರಿ ಸ್ಮಶಾನಕ್ಕೆ ಹೋಗುವ ಉಪಾಯವನ್ನು ಚರ್ಚಿಸುವ ಟಾಮ್ ಸಾಯರ್ ಮತ್ತು ಹಕಲ್‌ಬೆರಿ ಫಿನ್, ನಾವು ನೆಲೆಸಿರುವ ಈ ಅಮೆರಿಕದ ಹಳ್ಳಿಹುಡುಗರೇ ಅಲ್ಲವೇ? ಮಾರ್ಕ್ ಟ್ವೇನ್ ಆ ಕಾದಂಬರಿಯನ್ನು ಪ್ರಕಟಿಸಿದ್ದು 1876ರಲ್ಲಿ.

ಕಾರಣದ ಪತ್ತೆ ತಡವಾಗಿ ಆಯಿತು. 1891ರಲ್ಲಿ ಜೋಸೆಫ್ ಪೇನ್ ಎಂಬ ಇಂಗ್ಲಿಷ್ ವೈದ್ಯ, ರೋಗಿಯೊಬ್ಬನ ಗಂಟನ್ನು ತನ್ನ ಉಗುರಿನಿಂದ ಕೆರೆದ ಮೇಲೆ ತನ್ನ ಹೆಬ್ಬೆರಳಿನಲ್ಲಿಯೇ ನರಹುಲಿ ಎದ್ದುದನ್ನು ವರದಿ ಮಾಡಿದ. 1907ರಲ್ಲಿ ಇಟಲಿಯ ಜುಸೆಪ್ಪೆ ಚುಫ್ಫೊ, ನರಹುಲಿಯನ್ನು ಅರೆದ ರಸವನ್ನು ಬ್ಯಾಕ್ಟೀರಿಯಾ ದಾಟಲಾರದ ಸೋಸಕದಲ್ಲಿ ಸೋಸಿ, ತನ್ನ ಚರ್ಮಕ್ಕೇ ಚುಚ್ಚಿಕೊಂಡು, ತಿಂಗಳುಗಳ ಕಾಲ ಕಾದು, ಗಂಟನ್ನು ಪಡೆದ. ಸೋಸಿದರೂ ಉಳಿಯುವ ಆ ಅಣುರೂಪದ ಕಾರಣ ವೈರಸ್ ಎಂಬುದು ಹೀಗೆ ಸಿದ್ಧವಾಯಿತು. 1949ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಅದರ ಕಣಗಳನ್ನು ತೋರಿಸಿತು. ಈಗ ಈ ವೈರಸ್ಸಿನ 200ಕ್ಕೂ ಹೆಚ್ಚು ಬಗೆಗಳು ಗೊತ್ತಾಗಿವೆ.

ಚಿಕಿತ್ಸೆಯೂ ಬೂದಿಯಿಂದ ಹಿಮಕ್ಕೆ ಸಾಗಿತು. ಅದೇ 1907ರಲ್ಲಿ ಷಿಕಾಗೋದ ಪ್ಯುಸಿ ಇಂಗಾಲಾಮ್ಲದ ಹಿಮವನ್ನೂ, 1950ರಲ್ಲಿ ಆಲಿಂಗ್ಟನ್ ದ್ರವ ಸಾರಜನಕವನ್ನೂ ಪ್ರಚಾರಕ್ಕೆ ತಂದರು. ಆದರೆ ನಮ್ಮ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಮಹತ್ವದ್ದು, ಏನನ್ನೂ ಮಾಡದೆ ಎಣಿಸಿದ ಒಂದು ಅಧ್ಯಯನ. ಮ್ಯಾಸಿಂಗ್ ಮತ್ತು ಎಪ್‌ಸ್ಟೈನ್ ಎಂಬುವರು 1963ರಲ್ಲಿ, ಸುಮಾರು 1000 ಮಕ್ಕಳನ್ನು ಎರಡು ವರ್ಷ ಗಮನಿಸಿದ ಫಲವನ್ನು ಪ್ರಕಟಿಸಿದರು. ಮೂರರಲ್ಲಿ ಎರಡು ಪಾಲು ನರಹುಲಿಗಳು ಯಾವ ಔಷಧವೂ ಇಲ್ಲದೆ ಮಾಯವಾಗಿದ್ದವು. ಆ ಮಕ್ಕಳು ಬುದ್ಧಿಮಾಂದ್ಯರ ಸಂಸ್ಥೆಯೊಂದರ ನಿವಾಸಿಗಳಾಗಿದ್ದರೆಂಬುದನ್ನು ಇಲ್ಲಿ ಮರೆಯಬಾರದು. ಜ್ಞಾನದ ಲೆಕ್ಕ ಎಷ್ಟೋ ಸಲ ದುರ್ಬಲರ ಮೈಮೇಲೆ ಬರೆಯಲ್ಪಟ್ಟಿದೆ. ಬೇಕನನ ಕಾಡುವ ಪ್ರಶ್ನೆಗೆ ಉತ್ತರವೂ ಈ ದಿಕ್ಕಿನಲ್ಲಿದೆ. ವೈರಸ್ಸು ಮೇಲ್ಪದರದಲ್ಲಿ ರಕ್ತದ ಕಣ್ಣಿಗೆ ಬೀಳದಂತೆ ಅಡಗಿರುತ್ತದೆ. ದೇಹದ ರಕ್ಷಣಾವ್ಯವಸ್ಥೆ ಅದನ್ನು ಒಮ್ಮೆ ಗುರುತಿಸಿತೆಂದರೆ ಹೊಸದು ಹಳೆಯದೆನ್ನದೆ ಹಲವು ಗಂಟುಗಳು ಒಟ್ಟಿಗೆ ಕರಗಬಹುದು. ಅಷ್ಟರಲ್ಲಿ ಯಾವ ಮದ್ದು ಹಚ್ಚಿದ್ದರೆ ಆ ಮದ್ದಿಗೆ ಯಶಸ್ಸು. 2002ರಲ್ಲಿ ಡಕ್ಟ್ ಟೇಪು ಅಂಟಿಸಿದವರಲ್ಲಿ 100ಕ್ಕೆ 85 ಮಂದಿಗೆ ಗುಣವಾಯಿತೆಂಬ ವರದಿ ಬಂದಾಗ ಈ ದೇಶದ ಮನೆಮನೆಗಳಲ್ಲಿ ಅದರ ಸುರುಳಿ ಬಿಚ್ಚಿತು. 2006 ಮತ್ತು 2007ರ ಪರೀಕ್ಷೆಗಳಲ್ಲಿ ಅಂಥ ಮೇಲುಗೈ ಸಿದ್ಧಪಡಲಿಲ್ಲ. ಮದ್ದೇ ಇಲ್ಲವೆಂದಲ್ಲ. ಅಂಗಡಿಯಲ್ಲಿ ದೊರೆಯುವ ಸ್ಯಾಲಿಸಿಲಿಕ್ ಆಮ್ಲ ಕೈಕಾಲಿನ ಗಂಟುಗಳಿಗೆ ತಕ್ಕಮಟ್ಟಿಗೆ ಉಪಯುಕ್ತವೆಂದು ಪರೀಕ್ಷೆಗಳಿಂದ ಕಂಡುಬಂದಿದೆ. ಅದಕ್ಕೆ ವಾರಗಟ್ಟಲೆಯ ತಾಳ್ಮೆ ಬೇಕು.

ಗುಣವಾಯಿತೆಂದು ತಿಳಿಯುವುದು ಹೇಗೆ? ಇದಕ್ಕೆ ನಮ್ಮ ದೇಶದ ಚರಿತ್ರೆಯ ಒಂದು ಪುಟ ನೆರವಾಗುತ್ತದೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ, ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನಿಂದ ಕರಾರುಪತ್ರದ ಮೇಲೆ ಅಂಗೈಯ ಮುದ್ರೆ ಒತ್ತಿಸಿಕೊಂಡ. ಅನಂತರ ದಶಕಗಳ ಅಂತರದಲ್ಲಿ ಬೆರಳಚ್ಚುಗಳನ್ನು ಸಂಗ್ರಹಿಸಿ, ಗೆರೆಗಳು ಬದಲಾಗುವುದಿಲ್ಲವೆಂಬುದನ್ನು ಕಂಡುಕೊಂಡ. 1892ರಲ್ಲಿ ಗಾಲ್ಟನ್ ತನ್ನ ಗ್ರಂಥಕ್ಕೆ ಅವನ್ನು ಬಳಸಿಕೊಂಡ. ನರಹುಲಿ ಎದ್ದಾಗ ಅಂಗೈ ಅಂಗಾಲುಗಳ ಈ ಗೆರೆಗಳು ಗಂಟಿನ ಅಂಚಿಗೆ ಬಂದು ನಿಲ್ಲುತ್ತವೆ, ಅದನ್ನು ಬಳಸಿ ಹೋಗುತ್ತವೆ. ಆಣಿಯ ಮೇಲಾದರೋ ಗೆರೆಗಳು ಸಾಮಾನ್ಯವಾಗಿ ಹಾಗೆಯೇ ಮುಂದುವರಿಯುತ್ತವೆ. ಆಣಿ ನೇರ ಒತ್ತಿದರೆ ನೋಯುತ್ತದೆ. ಅಂಗಾಲಿನ ನರಹುಲಿ ಎರಡು ಬದಿಯಿಂದ ಹಿಂಡಿದರೆ ಹೆಚ್ಚು ನೋಯುತ್ತದೆ. ಉಬ್ಬು ಇಳಿದ ಮಾತ್ರಕ್ಕೆ ಗುಣವೆನ್ನಲಾಗದು. ಕಪ್ಪು ಚುಕ್ಕೆ ಒಂದಾದರೂ ಉಳಿದಿದ್ದರೆ, ಒರಟುತನವಿದ್ದರೆ, ವೈರಸ್ಸು ಇನ್ನೂ ಮನೆಬಿಟ್ಟಿಲ್ಲ. ಚುಕ್ಕೆಗಳು ಹೋಗಿ, ಚರ್ಮ ಮೃದುವಾಗಿ, ತುಂಡಾಗಿದ್ದ ಗೆರೆಗಳು ಆ ಜಾಗದ ಮೇಲೆ ಮತ್ತೆ ಹರಿದುಬಂದು, ಕೆಲವು ವಾರಗಳು ಹಾಗೆಯೇ ಉಳಿದರೆ ಗುಣವಾದಂತೆ. ಒಳಪದರ ಕೆಟ್ಟು ಕಲೆಯಾದ ಕಡೆ ಮಾತ್ರ ಗೆರೆ ಹಿಂದಿರುಗುವುದಿಲ್ಲ.

ನಮ್ಮ ಕುಟುಂಬಗಳಲ್ಲಿ ಎರಡು ಸಂದರ್ಭಗಳು ಮನೆಮದ್ದಿಗೆ ಹೊರತಾದುವು. ಸಕ್ಕರೆ ಕಾಯಿಲೆಯಿರುವ ಹಿರಿಯರ ಪಾದಕ್ಕೆ ಸುಣ್ಣವನ್ನಾಗಲಿ ಆಮ್ಲವನ್ನಾಗಲಿ ತಾಗಿಸಕೂಡದು. ಸ್ಪರ್ಶಜ್ಞಾನ ಕುಂದಿದ ಕಾಲಿನಲ್ಲಿ ಸುಟ್ಟದ್ದು ತಿಳಿಯುವುದಿಲ್ಲ, ಹುಣ್ಣು ಮಾಯುವುದಿಲ್ಲ. ನಡುವಯಸ್ಸು ದಾಟಿದ ಮೇಲೆ ಹೊಸದಾಗಿ ಎದ್ದು ಬೆಳೆಯುತ್ತಿರುವ, ಬಣ್ಣ ಬದಲಾಗುವ, ತಾನಾಗಿ ರಕ್ತ ಸುರಿಸುವ ಗಂಟನ್ನು ನರಹುಲಿಯೆಂದು ನಾವೇ ಹೆಸರಿಡದೆ ವೈದ್ಯರಿಗೆ ತೋರಿಸಬೇಕು. ಅಂಗಾಲಿನಲ್ಲಿ, ಉಗುರಿನಡಿಯಲ್ಲಿ ಹುಟ್ಟುವ ಒಂದು ಜಾತಿಯ ಕ್ಯಾನ್ಸರ್ ನಮ್ಮಂಥ ಕಂದುಮೈಯವರಿಗೂ ಬರುತ್ತದೆ, ನರಹುಲಿಯ ವೇಷದಲ್ಲಿ ಬಹುಕಾಲ ಕೂತಿರಬಲ್ಲುದು.

ತಾಯಂದಿರು ಕೇಳುವ ಇನ್ನೊಂದು ಪ್ರಶ್ನೆಯುಂಟು. ಇಲ್ಲಿ ಹನ್ನೊಂದು ಹನ್ನೆರಡರ ಮಕ್ಕಳಿಗೆ ಹಾಕಿಸುವ, 2006ರಲ್ಲಿ ಬಳಕೆಗೆ ಬಂದ ಲಸಿಕೆಯ ಹೆಸರಿನಲ್ಲಿಯೂ ಇದೇ ವೈರಸ್ಸಿನ ಹೆಸರಿದೆಯಲ್ಲವೇ ಎಂದು. ಗರ್ಭಕೊರಳಿನ ಕ್ಯಾನ್ಸರಿಗೆ ಈ ಮನೆತನದ ಕೆಲವು ಬಗೆಗಳೇ ಕಾರಣವೆಂದು ತೋರಿಸಿದ ಹರಾಲ್ಡ್ ಸೂರ್ ಹೌಸನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಲಸಿಕೆ ಆ ಬಗೆಗಳಿಗಾಗಿ, ಹುಡುಗಿಯರಿಗೂ ಹುಡುಗರಿಗೂ ಹಾಕಿಸತಕ್ಕದ್ದು. ಕೈಬೆರಳಿನ ನರಹುಲಿಯನ್ನು ತರುವ ದಾಯಾದಿಗಳು ಬೇರೆ. ಅವಕ್ಕೆ ಈ ಲಸಿಕೆ ತಯಾರಾದುದಲ್ಲ.